ಮಗಳು ಬ್ಯಾಡ್ಮಿಂಟನ್ ಆಡ್ತಾಳೆ, ಮುಂದೇನು?

ಮೊನ್ನೆ ಸಾಗರದಿಂದ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಮಗಳಿಗೆ 12 ವರ್ಷ. ಶನಿವಾರ, ಭಾನುವಾರ ಅವಳನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ಬ್ಯಾಡ್ಮಿಂಟನ್ ಆಡಿಸುತ್ತಾರೆ. ಈಗ ಕೋಚ್, 'ಇವಳ ಕೈಯಲ್ಲಿ ಆಟ ಇದೆ, ಬೆಂಗಳೂರಿಗೆ ಕಳಿಸಿ' ಅಂದಿದ್ದಾರಂತೆ. ಅಪ್ಪನಿಗೆ ಖುಷಿ ಅರ್ಧ, ಗಾಬರಿ ಅರ್ಧ. ರಾಶಿ ಅಡಿಕೆ ಕ್ವಿಂಟಲಿಗೆ ಎಷ್ಟು ಅಂತ ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ. 'ಸೂಪರ್ 300', 'ವರ್ಲ್ಡ್ ರ‍್ಯಾಂಕಿಂಗ್' ಅಂದರೆ ಮಾತ್ರ ಸುಮ್ಮನಾಗುತ್ತಾರೆ.

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಹೊರಗಿನಿಂದ ಗೋಡೌನ್ ಥರ ಕಾಣುವ ತಗಡಿನ ಶೆಡ್‌ಗಳ ಒಳಗೆ ಹಸಿರು ಮ್ಯಾಟ್ ಹಾಸಿದ ಕೋರ್ಟುಗಳು ನಮ್ಮ ಊರುಗಳಿಗೂ ಬಂದಿವೆ. ಸಂಜೆ ಹೊತ್ತು ಗೋಡೆ ಬದಿಯ ಬೆಂಚಿನ ಮೇಲೆ ಅಮ್ಮಂದಿರು ನೀರಿನ ಬಾಟಲಿ ಹಿಡಿದು ಕೂತಿರುತ್ತಾರೆ. ಅಲ್ಲಿನ ಮಾತೆಲ್ಲ ಕಡೆಗೆ ಬಂದು ನಿಲ್ಲುವುದು 'ಮುಂದೇನು' ಅನ್ನುವಲ್ಲೇ. ಹಾಗಾಗಿ ಈ ವೃತ್ತಿಯ ಲೆಕ್ಕಾಚಾರ ಏನು ಅಂತ ಬುಡದಿಂದ ನೋಡೋಣ.

ಮೊದಲು, ಯಾವ ಬ್ಯಾಡ್ಮಿಂಟನ್?

ಮಲೆನಾಡಿನ ಹಿರಿಯರ ಹತ್ತಿರ 'ಬ್ಯಾಡ್ಮಿಂಟನ್' ಅಂದರೆ ಅವರ ತಲೆಗೆ ಬರುವುದು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದೈದು ಜನ, ಬಯಲು ಕೋರ್ಟು. ಅದು ಬೇರೆ ಆಟ, ಒಲಿಂಪಿಕ್ಸ್‌ನಲ್ಲಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಗರಿಯ ಆಟ. ಊರಲ್ಲಿ ನಾವು 'ಶಟಲ್' ಅನ್ನುವುದು ಇದನ್ನೇ.

ಶಟಲ್ ಕೂಡ ನಮ್ಮಲ್ಲಿ ಹೊಸದೇನಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ, ಎರಡು ಮರಕ್ಕೆ ಹಗ್ಗ ಕಟ್ಟಿ, ಅದರ ಮೇಲೆ ಹಳೇ ಬಲೆ ನೇತುಹಾಕಿ ಆಡಿದವರು ಎಷ್ಟು ಜನ ಇಲ್ಲ! ಕೊಯ್ಲು ಶುರುವಾದರೆ ಅಂಗಳ ಅಡಿಕೆಗೆ, ಆಟ ಬಂದ್. ಆ ಆಟಕ್ಕೂ ಮ್ಯಾಟ್ ಮೇಲಿನ ಆಟಕ್ಕೂ ಇರುವ ದೊಡ್ಡ ವ್ಯತ್ಯಾಸ ಗಾಳಿ. ಅಂಗಳದಲ್ಲಿ ಗಾಳಿಯೂ ಒಬ್ಬ ಆಟಗಾರ. ಒಳಾಂಗಣದಲ್ಲಿ ಅದಕ್ಕೆ ಜಾಗ ಇಲ್ಲ. ಶಟಲ್ ಎಲ್ಲಿ ಬಿತ್ತೋ ಅದು ನೀವೇ ಹೊಡೆದದ್ದು.

ಗುಂಟೆಯ ಮೂರನೇ ಒಂದು ಪಾಲು

ಇಡೀ ಕೋರ್ಟಿನ ಉದ್ದ 13.4 ಮೀಟರ್. ಸಿಂಗಲ್ಸ್‌ಗೆ ಅಗಲ 5.18 ಮೀಟರ್, ಡಬಲ್ಸ್‌ಗೆ 6.1 ಮೀಟರ್. ಅಂದರೆ ಸಿಂಗಲ್ಸ್ ಆಡುವ ಹುಡುಗಿ ಕಾಯಬೇಕಾದ ಜಾಗ ಹತ್ತಿರ ಹತ್ತಿರ 35 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಗುಂಟೆಯ ಮೂರನೇ ಒಂದು ಪಾಲು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಅಷ್ಟರೊಳಗೆ ಮುಂದೆ ಎರಡು ಮೂಲೆ, ಹಿಂದೆ ಎರಡು ಮೂಲೆ, ನಡುವೆ ಎರಡು ಪಕ್ಕ, ಒಟ್ಟು ಆರು ಕಡೆ ಓಡಬೇಕು. ಪ್ರತಿ ಸಲವೂ ನಡುವಿಗೆ ವಾಪಸ್ ಬರಬೇಕು. ಕೋಚ್‌ಗಳು ಮೊದಲ ಎರಡು ವರ್ಷ ಬ್ಯಾಟಿಗಿಂತ ಕಾಲಿನ ಮೇಲೆ ಜಾಸ್ತಿ ಕೆಲಸ ಮಾಡಿಸುವುದು ಇದಕ್ಕೇ. ಇದನ್ನು 'ಫುಟ್‌ವರ್ಕ್' ಅನ್ನುತ್ತಾರೆ. ಶಟಲ್ ಇಲ್ಲದೆ ಸುಮ್ನೆ ಗಾಳಿಯಲ್ಲಿ ಬ್ಯಾಟ್ ಬೀಸುತ್ತಾ ಅತ್ತಿತ್ತ ಓಡುವ ಮಕ್ಕಳನ್ನು ನೋಡಿ, 'ಫೀಸು ಕೊಟ್ಟಿದ್ದು ಇದಕ್ಕಾ' ಅಂತ ಒಬ್ಬ ಅಜ್ಜ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೌದು, ಇದಕ್ಕೇ.

ಪಾಯಿಂಟ್ ಲೆಕ್ಕ ಸುಲಭ. ಮೂರು ಗೇಮ್‌ನಲ್ಲಿ ಎರಡು ಗೆದ್ದವರಿಗೆ ಪಂದ್ಯ. ಗೇಮಿಗೆ 21 ಪಾಯಿಂಟ್ ಅನ್ನುವ ಪದ್ಧತಿ 2006ರಲ್ಲಿ ಬಂತು. ಅದಕ್ಕೂ ಮುಂಚೆ ಹೆಂಗಸರ ಸಿಂಗಲ್ಸ್‌ಗೆ 11 ಪಾಯಿಂಟ್, ಅದೂ ಸರ್ವ್ ಮಾಡಿದವರಿಗೆ ಮಾತ್ರ ಸಿಗುತ್ತಿತ್ತು. 2006ರ ಪದ್ಧತಿಯಲ್ಲಿ ಯಾರು ತಪ್ಪಿದರೂ ಎದುರಿನವರಿಗೆ ಒಂದು ಪಾಯಿಂಟ್. 20-20 ಆದರೆ ಎರಡು ಪಾಯಿಂಟ್ ಮುಂದೆ ಹೋಗಬೇಕು. 29-29 ಆದರೆ 30 ಮುಟ್ಟಿದವರೇ ಗೆದ್ದಂತೆ.

ಹದಿನಾರು ಗರಿ, ಐದು ಗ್ರಾಂ

ಶಟಲ್‌ನಲ್ಲಿ 16 ಗರಿ ಇರುತ್ತವೆ. ದೊಡ್ಡ ಪಂದ್ಯಗಳಲ್ಲಿ ಹೆಬ್ಬಾತಿನ ಗರಿ. ಬುಡದಲ್ಲಿ ಕಾರ್ಕ್. ಎಲ್ಲ ಸೇರಿ ತೂಕ 4.74ರಿಂದ 5.50 ಗ್ರಾಂ. 2023ರಲ್ಲಿ ಮಲೇಷ್ಯಾದ ಟಾನ್ ಪರ್ಲಿ ಹೊಡೆದ ಸ್ಮ್ಯಾಷ್ (ಮೇಲಿನಿಂದ ಕೆಳಕ್ಕೆ ಬಡಿಯುವ ಹೊಡೆತ) ಗಂಟೆಗೆ 438 ಕಿಲೋಮೀಟರ್ ವೇಗದಲ್ಲಿತ್ತು. ಹೆಂಗಸರಲ್ಲಿ ಅದು ಗಿನ್ನೆಸ್ ದಾಖಲೆ. ಆ ವೇಗ ಬ್ಯಾಟ್ ಬಿಟ್ಟ ಕ್ಷಣದ್ದು. ಗರಿಗಳು ಗಾಳಿಯನ್ನು ತಡೆಯುವುದರಿಂದ ಶಟಲ್ ಎದುರಿನವರ ಹತ್ತಿರ ಬರುವಷ್ಟರಲ್ಲಿ ವೇಗ ಸಿಕ್ಕಾಪಟ್ಟೆ ಇಳಿದಿರುತ್ತದೆ. ಕೊಡೆ ಬಿಚ್ಚಿಕೊಂಡು ಓಡಿ ನೋಡಿ, ಅರ್ಥವಾಗುತ್ತದೆ.

ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇಲ್ಲಿದೆ. ಶಟಲ್ ಡಬ್ಬಿಯ ಮೇಲೆ 75, 76, 77, 78 ಅಂತ ಒಂದು ನಂಬರ್ ಇರುತ್ತದೆ. ಅದು ವೇಗದ ಗುರುತು. ನಂಬರ್ ಕಡಿಮೆಯಾದಷ್ಟೂ ಶಟಲ್ ನಿಧಾನ. ಎತ್ತರದ ಊರಲ್ಲಿ ಗಾಳಿ ತೆಳು, ಶಟಲ್ ಜಾಸ್ತಿ ದೂರ ಹಾರುತ್ತದೆ. ಸೆಖೆಯ ಊರಲ್ಲೂ ಹಾಗೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಅದಕ್ಕಿಂತ ಮುನ್ನೂರು ಮೀಟರಿಗೂ ಜಾಸ್ತಿ ಕೆಳಗಿದೆ. ಇಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಹೊಡೆತ ಅಲ್ಲಿ ಅದೇ ನಂಬರಿನ ಶಟಲ್‌ನಲ್ಲಿ ಹೊರಗೆ ಹೋಗಬಹುದು. ಮಗಳು ಬೆಂಗಳೂರಿನ ಮೊದಲ ಟೂರ್ನಿಯಲ್ಲಿ ಎಲ್ಲವನ್ನೂ ಹೊರಗೆ ಹೊಡೆದಳು ಅಂತ ಬೈಯುವ ಮುಂಚೆ ಇದನ್ನೊಮ್ಮೆ ನೆನಪಿಡಿ. ಪಂದ್ಯಕ್ಕೆ ಮೊದಲು ಶಟಲ್ ಪರೀಕ್ಷೆ ಮಾಡುವುದಕ್ಕೂ ನಿಯಮ ಇದೆ. ಹಿಂದಿನ ಗೆರೆಯಿಂದ ಕೆಳಗಿನಿಂದ ಮೇಲಕ್ಕೆ ಪೂರ್ತಿ ಬಲದಲ್ಲಿ ಹೊಡೆದರೆ, ಅದು ಆಚೆ ಬದಿಯ ಹಿಂದಿನ ಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬೀಳಬೇಕು.

ಇನ್ನು ಮಳೆ. ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ನೆಲ ಬೆವರುತ್ತದೆ. ಕೋರ್ಟಿನ ಮೇಲೆ ಕಾಲು ಜಾರುತ್ತದೆ, ಗರಿ ತೇವ ಹೀರಿ ಭಾರವಾಗುತ್ತದೆ. ಬೇಸಿಗೆಯಲ್ಲಿ ಇದರ ಉಲ್ಟಾ: ಗರಿ ಒಣಗಿ ಪಟಪಟನೆ ಮುರಿಯುತ್ತದೆ. ಆಗ ಆಟಗಾರರು ಡಬ್ಬಿಯನ್ನು ಬಿಸಿನೀರಿನ ಹಬೆಗೆ ಹಿಡಿಯುತ್ತಾರೆ. ಇಡ್ಲಿ ಪಾತ್ರೆಯ ಹಬೆಗೆ ಶಟಲ್ ಹಿಡಿದ ಮನೆಯೂ ನನಗೆ ಗೊತ್ತು.

ಒಂದು ಗರಿ ಮುರಿದರೂ ಶಟಲ್ ಓಲಾಡುತ್ತದೆ, ಮ್ಯಾಚಿಗೆ ಬರುವುದಿಲ್ಲ. ಡಬ್ಬಿಗೆ 12. ಗಟ್ಟಿಯಾಗಿ ಹೊಡೆಯುವ ಇಬ್ಬರು ಒಂದೇ ಸಂಜೆ ಅರ್ಧ ಡಬ್ಬಿ ಮುಗಿಸುತ್ತಾರೆ. ಬ್ಯಾಟು, ಶೂ ಕಣ್ಣಿಗೆ ಕಾಣುವ ಖರ್ಚು. ಮನೆಯವರನ್ನು ಹಣ್ಣು ಮಾಡುವುದು ಮಾತ್ರ ಈ ಶಟಲ್ ಮತ್ತು ಪದೇಪದೇ ಕಿತ್ತುಹೋಗುವ ಬ್ಯಾಟಿನ ತಂತಿ.

13, 15, 17, 19

ಮಕ್ಕಳ ಟೂರ್ನಿಗಳು ವಯಸ್ಸಿನ ಪ್ರಕಾರ ನಡೆಯುತ್ತವೆ. ರಾಷ್ಟ್ರಮಟ್ಟದಲ್ಲಿ 13, 15, 17 ಮತ್ತು 19 ವರ್ಷದೊಳಗಿನವರು ಅಂತ ವಿಭಾಗ. ಇದನ್ನು ನಡೆಸುವುದು ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆ, 1934ರಲ್ಲಿ ಹುಟ್ಟಿದ್ದು. ರಾಜ್ಯದಲ್ಲಿ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆ ಇದೆ. ಹುಡುಗಿಯ ಹೆಸರು ನೋಂದಾಯಿಸಿ ಒಂದು ಗುರುತಿನ ಸಂಖ್ಯೆ ಮಾಡಿಸಬೇಕು. ಆಧಾರ್ ಇದ್ದ ಹಾಗೆ. ಜನನ ಪ್ರಮಾಣಪತ್ರ ಬೇಕೇ ಬೇಕು.

ವಯಸ್ಸಿನ ಲೆಕ್ಕ ಜನವರಿ 1ರಿಂದ. ಹಾಗಾಗಿ ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಂದೇ ವಿಭಾಗದಲ್ಲಿ ಆಡುತ್ತಾರೆ. 12ನೇ ವಯಸ್ಸಿಗೆ ಹನ್ನೊಂದು ತಿಂಗಳ ವ್ಯತ್ಯಾಸ ಅಂದರೆ ಅರ್ಧ ಅಡಿ ಎತ್ತರವೇ ಆಚೀಚೆ ಆಗಬಹುದು. 13ರೊಳಗೆ ಎಲ್ಲರನ್ನೂ ಸೋಲಿಸಿದವಳು 17ರಲ್ಲಿ ಕಾಣದೇ ಹೋಗುವುದಕ್ಕೆ ಇದೂ ಒಂದು ಕಾರಣ. ಅವಳ ಆಟ ಕೆಟ್ಟಿರುವುದಿಲ್ಲ, ಉಳಿದವರು ಬೆಳೆದಿರುತ್ತಾರೆ.

15ರಿಂದ 17ರ ನಡುವೆ ಇನ್ನೊಂದು ತೀರ್ಮಾನ ಬರುತ್ತದೆ. ಸಿಂಗಲ್ಸೋ, ಡಬಲ್ಸೋ? ಚಿಕ್ಕಂದಿನಲ್ಲಿ ಎಲ್ಲರೂ ಎರಡನ್ನೂ ಆಡುತ್ತಾರೆ. ಆಮೇಲೆ ಒಂದನ್ನು ಹಿಡಿಯುತ್ತಾರೆ. ಸಿಂಗಲ್ಸ್‌ಗೆ ಉದ್ದ ದಮ್ಮು, ತಾಳ್ಮೆ ಬೇಕು. ಡಬಲ್ಸ್‌ಗೆ ಕೈಚಳಕ, ಬಲವಾದ ಹೊಡೆತ, ಜೊತೆಗೆ ಇನ್ನೊಬ್ಬಳ ಮನಸ್ಸು ಓದುವ ಗುಣ. ನಮ್ಮಲ್ಲಿ ಡಬಲ್ಸ್ ಅಂದರೆ ಸಿಂಗಲ್ಸ್‌ನಲ್ಲಿ ಆಗದವರು ಆಡುವುದು ಅನ್ನುವ ತಾತ್ಸಾರ ಇದೆ. ಅದು ಸುಳ್ಳು ಅನ್ನುವುದಕ್ಕೆ ಕೊಡಗಿನ ಮೂಲದ ಒಬ್ಬರ ಕತೆ ಸಾಕು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರುತ್ತೇನೆ.

ರ‍್ಯಾಂಕಿಂಗ್ ಅಂದರೆ ರೀಚಾರ್ಜ್ ವ್ಯಾಲಿಡಿಟಿ

ಈ ವೃತ್ತಿಯಲ್ಲಿ ಅರ್ಧ ಕೋರ್ಟಿನ ಮೇಲೆ ನಡೆಯುತ್ತದೆ, ಇನ್ನರ್ಧ ಲೆಕ್ಕದ ಪುಸ್ತಕದಲ್ಲಿ. ಪೋಷಕರಿಗೆ ಗೊತ್ತಾಗದೇ ಇರುವುದು ಈ ಎರಡನೇ ಅರ್ಧ.

ದೊಡ್ಡವರ ಆಟಕ್ಕೆ ಜಗತ್ತಿನ ಸಂಸ್ಥೆ ಬಿಡಬ್ಲ್ಯುಎಫ್. ಅದು ಟೂರ್ನಿಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ತೀರಾ ಕೆಳಗೆ ಫ್ಯೂಚರ್ ಸೀರೀಸ್, ಅದರ ಮೇಲೆ ಇಂಟರ್‌ನ್ಯಾಷನಲ್ ಸೀರೀಸ್, ಅದರ ಮೇಲೆ ಇಂಟರ್‌ನ್ಯಾಷನಲ್ ಚಾಲೆಂಜ್. ಆಮೇಲೆ ಸೂಪರ್ 100, 300, 500, 750, 1000. ಈ 'ಸೂಪರ್' ಹೆಸರುಗಳು ಬಂದದ್ದು 2018ರಲ್ಲಿ. ಫ್ಯೂಚರ್ ಸೀರೀಸ್ ಗೆದ್ದರೆ 1,700 ಪಾಯಿಂಟ್. ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರೆ 4,000. ಸೂಪರ್ 100 ಗೆದ್ದರೆ 5,500, ಸೂಪರ್ 300ಕ್ಕೆ 7,000, ಸೂಪರ್ 1000ಕ್ಕೆ 12,000. ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್ ಗೆದ್ದರೆ ಅದಕ್ಕಿಂತಲೂ ಜಾಸ್ತಿ.

ಈ ಪಾಯಿಂಟುಗಳಿಗೆ 52 ವಾರದ ವ್ಯಾಲಿಡಿಟಿ. ಮೊಬೈಲ್ ರೀಚಾರ್ಜ್ ಇದ್ದ ಹಾಗೆಯೇ. ಆ 52 ವಾರಗಳಲ್ಲಿ ಎಷ್ಟೇ ಟೂರ್ನಿ ಆಡಿರಲಿ, ಅತಿ ಒಳ್ಳೆಯ 10 ಫಲಿತಾಂಶಗಳನ್ನು ಮಾತ್ರ ಕೂಡುತ್ತಾರೆ. ಆ ಮೊತ್ತದ ಮೇಲೆ ಅವಳ ರ‍್ಯಾಂಕ್. ಪ್ರತಿ ಮಂಗಳವಾರ ಹೊಸ ಪಟ್ಟಿ ಬರುತ್ತದೆ.

ಒಂದು ಉದಾಹರಣೆ. ಕಳೆದ ವರ್ಷ ಒಬ್ಬಳು ಸೂಪರ್ 100 ಗೆದ್ದಳು, 5,500 ಸಿಕ್ಕಿತು. ಈ ವರ್ಷ ಅದೇ ಹೊತ್ತಿಗೆ ಅವಳಿಗೆ ಜ್ವರ, ಆಡಲಿಲ್ಲ. ಆ 5,500 ಅಷ್ಟೂ ಖಾತೆಯಿಂದ ಹೋಯಿತು. ಅವಳು ಒಂದು ಪಂದ್ಯವನ್ನೂ ಸೋತಿಲ್ಲ, ಆದರೂ ರ‍್ಯಾಂಕ್ ಇಳಿಯಿತು. 'ಪಾಯಿಂಟ್ ಡಿಫೆಂಡ್ ಮಾಡಬೇಕು' ಅಂತ ಆಟಗಾರ್ತಿಯರು ಹೇಳುವುದು ಇದನ್ನೇ. ಹೋದ ವರ್ಷ ಗಳಿಸಿದ್ದನ್ನು ಈ ವರ್ಷ ಮತ್ತೆ ಗಳಿಸಬೇಕು. ತೋಟದ ಫಸಲಿನ ಥರ ಅಂದುಕೊಳ್ಳಿ. ಹೋದ ವರ್ಷದ ರಾಶಿ ತೋರಿಸಿ ಈ ವರ್ಷ ದುಡ್ಡು ಕೇಳುವುದಕ್ಕೆ ಆಗುವುದಿಲ್ಲ.

ರ‍್ಯಾಂಕ್ ಯಾಕೆ ಬೇಕು? ಸೀಟಿಗೆ. ಸಿಇಟಿ ಕೌನ್ಸೆಲಿಂಗ್ ನೆನಪು ಮಾಡಿಕೊಳ್ಳಿ. ಟೂರ್ನಿಯ ಮುಖ್ಯ ಸುತ್ತಿನಲ್ಲಿ 32 ಜಾಗ. ಅರ್ಜಿ ಹಾಕಿದವರಲ್ಲಿ ಯಾರ ರ‍್ಯಾಂಕ್ ಮೇಲಿದೆಯೋ ಅವರಿಗೆ ಮೊದಲು ಸೀಟು. ಉಳಿದವರಲ್ಲಿ ಕೆಲವರು ಅರ್ಹತಾ ಸುತ್ತಿನಲ್ಲಿ ಆಡಿ ಒಳಗೆ ಬರಬೇಕು. ಇನ್ನುಳಿದವರು ಕಾಯುವ ಪಟ್ಟಿಯಲ್ಲಿ. ದೊಡ್ಡ ಟೂರ್ನಿಯಲ್ಲಿ ಆಡದಿದ್ದರೆ ದೊಡ್ಡ ಪಾಯಿಂಟ್ ಇಲ್ಲ, ದೊಡ್ಡ ಪಾಯಿಂಟ್ ಇಲ್ಲದಿದ್ದರೆ ದೊಡ್ಡ ಟೂರ್ನಿಗೆ ಸೀಟಿಲ್ಲ. ಈ ಗಂಟನ್ನು ಬಿಡಿಸಲೆಂದೇ 18-20ರ ಹುಡುಗಿಯರು ಯಾವ ಯಾವುದೋ ದೇಶದ ಸಣ್ಣ ಟೂರ್ನಿ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಪ್ರೇಕ್ಷಕರೂ ಇರುವುದಿಲ್ಲ, ಟಿವಿಯೂ ಇರುವುದಿಲ್ಲ.

ಕೆಲವರು ಈ ಮೆಟ್ಟಿಲನ್ನು ಹಾರಿಬಿಡುತ್ತಾರೆ. ಹರಿಯಾಣದ ಉನ್ನತಿ ಹೂಡಾ 2022ರಲ್ಲಿ ಒಡಿಶಾ ಓಪನ್ ಸೂಪರ್ 100 ಗೆದ್ದಾಗ ವಯಸ್ಸು 14. ಪಂಜಾಬಿನ ತನ್ವಿ ಶರ್ಮಾ 2025ರಲ್ಲಿ 16ರ ವಯಸ್ಸಿಗೆ ಯುಎಸ್ ಓಪನ್ ಸೂಪರ್ 300ರ ಫೈನಲ್ ತಲುಪಿದರು. ಇವರನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಮಕ್ಕಳಿಗೆ ಕಷ್ಟ. ಪಿಯುಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದವರನ್ನು ತೋರಿಸಿ ಪಕ್ಕದ ಮನೆಯವಳನ್ನು ಬೈದಂತಾಗುತ್ತದೆ.

ಅಶ್ವಿನಿ ಪೊನ್ನಪ್ಪ ಅವರ ಲೆಕ್ಕದ ಪುಸ್ತಕ

ಈಗ ಡಬಲ್ಸ್. ಆಗ ಹೇಳಿದ ಕೊಡಗಿನ ಮೂಲದವರು ಇವರೇ. ಅಶ್ವಿನಿ ಪೊನ್ನಪ್ಪ ಹುಟ್ಟಿದ್ದು 1989ರಲ್ಲಿ, ಬೆಂಗಳೂರಿನಲ್ಲಿ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ. 2011ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಜೋಡಿಗೆ ಕಂಚು. ಭಾರತದ ಮಹಿಳಾ ಡಬಲ್ಸ್‌ಗೆ ಅಲ್ಲಿ ಸಿಕ್ಕ ಮೊದಲ ಪದಕ ಅದು. ಆಗ ಅಶ್ವಿನಿ ಅವರಿಗೆ 21.

ಪದಕಗಳು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಹನ್ನೆರಡು ವರ್ಷದ ನಂತರದ ಪುಟ. ಡಬಲ್ಸ್‌ನಲ್ಲಿ ರ‍್ಯಾಂಕ್ ಇರುವುದು ಜೋಡಿಗೆ. ಜಂಟಿ ಖಾತೆ ಇದ್ದ ಹಾಗೆ. ಜೊತೆಗಾರ್ತಿ ಬದಲಾದರೆ ಹೊಸ ಖಾತೆ ತೆರೆಯಬೇಕು. ಜ್ವಾಲಾ ಆದ ಮೇಲೆ ಸಿಕ್ಕಿ ರೆಡ್ಡಿ ಜೊತೆ ಆಡಿದರು. 2018ರ ಕಾಮನ್‌ವೆಲ್ತ್‌ನಲ್ಲಿ ಕಂಚು ಬಂತು. 2023ರ ಹೊತ್ತಿಗೆ ತನಗಿಂತ ಹದಿಮೂರು-ಹದಿನಾಲ್ಕು ವರ್ಷ ಚಿಕ್ಕವಳಾದ ತನಿಷಾ ಕ್ರಾಸ್ಟೊ ಜೊತೆ ಹೊಸ ಜೋಡಿ. ಎರಡು ಒಲಿಂಪಿಕ್ಸ್ ಆಡಿ ಬಂದವರು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿದರು. ಫ್ರಾನ್ಸಿನ ನಾಂಟ್ ಊರಿನ ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರು: 4,000 ಪಾಯಿಂಟ್. ಅಬುಧಾಬಿಯ ಸೂಪರ್ 100 ಗೆದ್ದರು: 5,500. ವರ್ಷದ ಕೊನೆಗೆ ಗುವಾಹಟಿಯ ಸೂಪರ್ 100: ಇನ್ನೊಂದು 5,500. ಲಕ್ನೋದ ಸೈಯದ್ ಮೋದಿ ಟೂರ್ನಿ, ಅದು ಸೂಪರ್ 300, ಅಲ್ಲಿ ಫೈನಲ್ ಸೋತರು: 5,950. ನೋಡಿದಿರಾ? ಸೂಪರ್ 300ರ ಫೈನಲ್‌ನಲ್ಲಿ ಸೋತರೂ ಸೂಪರ್ 100 ಗೆದ್ದವರಿಗಿಂತ ಜಾಸ್ತಿ ಪಾಯಿಂಟ್.

ಇಷ್ಟೆಲ್ಲ ಕಾಳು ಕಾಳು ಕೂಡಿಸಿದ್ದು ಯಾಕೆ? ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಎರಡು ಡಬಲ್ಸ್ ಜೋಡಿ ಹೋಗಬೇಕಾದರೆ ಎರಡೂ ಜಗತ್ತಿನ ಮೊದಲ 8ರೊಳಗೆ ಇರಬೇಕು. ಇಲ್ಲದಿದ್ದರೆ ಒಂದೇ. ಭಾರತದಲ್ಲಿ ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಅವರ ಜೋಡಿಯೂ ಅದೇ ಸೀಟಿಗೆ ಓಡುತ್ತಿತ್ತು. 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗಿನ ಪಾಯಿಂಟ್‌ಗಳನ್ನು ಕೂಡಿದಾಗ ಅಶ್ವಿನಿ-ತನಿಷಾ ಮುಂದಿದ್ದರು. ಪ್ಯಾರಿಸ್‌ನಲ್ಲಿ ಗುಂಪಿನ ಹಂತದಲ್ಲೇ ಸೋತರು. ಇದು ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರಿಟ್ಟರು. ಆಗ ವಯಸ್ಸು 34.

ಈ ಲೆಕ್ಕ ಗೊತ್ತಿದ್ದರೆ ಪೇಪರ್ ಓದುವುದೂ ಬದಲಾಗುತ್ತದೆ. 'ಕರ್ನಾಟಕದ ಹುಡುಗಿಗೆ ಅಂತರರಾಷ್ಟ್ರೀಯ ಪ್ರಶಸ್ತಿ' ಅಂತ ಸುದ್ದಿ ಬಂದರೆ ಮೊದಲು ಅದು ಯಾವ ದರ್ಜೆಯ ಟೂರ್ನಿ ಅಂತ ನೋಡಿ. 1,700 ಪಾಯಿಂಟಿನದ್ದೂ 'ಅಂತರರಾಷ್ಟ್ರೀಯ', 12,000ದ್ದೂ 'ಅಂತರರಾಷ್ಟ್ರೀಯ'.

ದುಡ್ಡಿನ ಮಾತು

ಸಾಗರದ ಅಪ್ಪ ಮೊದಲು ಕೇಳಿದ್ದೇ ಇದನ್ನು. ನಾನು ಕೊನೆಗೆ ಇಟ್ಟುಕೊಂಡೆ.

ಬಿಡಬ್ಲ್ಯುಎಫ್ ಟೂರ್ನಿಗಳಲ್ಲಿ ಬಹುಮಾನದ ಹಣ ಹೆಂಗಸರಿಗೂ ಗಂಡಸರಿಗೂ ಸಮ. ಇದು ಒಳ್ಳೆಯ ಸುದ್ದಿ. ಆದರೆ ಟೂರ್ನಿಯ ಒಟ್ಟು ಹಣ ಐದು ವಿಭಾಗಗಳಿಗೆ (ಗಂಡಸರ ಮತ್ತು ಹೆಂಗಸರ ಸಿಂಗಲ್ಸ್, ಡಬಲ್ಸ್, ಜೊತೆಗೆ ಮಿಶ್ರ ಡಬಲ್ಸ್) ಹಂಚಿಹೋಗುತ್ತದೆ. ಸಿಂಗಲ್ಸ್ ಗೆದ್ದವಳಿಗೆ ನೂರಕ್ಕೆ ಏಳೋ ಎಂಟೋ ಪಾಲು ಬರುತ್ತದೆ. ಸಣ್ಣ ಟೂರ್ನಿಗಳಲ್ಲಿ ಬೇಗ ಸೋತರೆ ವಿಮಾನದ ಟಿಕೆಟ್ಟೂ ಹುಟ್ಟುವುದಿಲ್ಲ. ಹಾಗಾಗಿ ಬಹುಪಾಲು ಆಟಗಾರ್ತಿಯರ ಮನೆ ನಡೆಯುವುದು ಬಹುಮಾನದಿಂದ ಅಲ್ಲ, ಕ್ರೀಡಾ ಕೋಟಾದ ನೌಕರಿಯಿಂದ: ರೈಲ್ವೆ, ಬ್ಯಾಂಕು, ತೈಲ ಕಂಪನಿ, ಆದಾಯ ತೆರಿಗೆ ಇಲಾಖೆ. ಖೇಲೋ ಇಂಡಿಯಾ ನೆರವು ಕೆಲವರಿಗೆ ಸಿಗುತ್ತದೆ. ಒಲಿಂಪಿಕ್ಸ್ ಪದಕದ ಆಸೆ ಇರುವವರಿಗೆ ಕೇಂದ್ರ ಸರ್ಕಾರದ 'ಟಾಪ್ಸ್' ಯೋಜನೆ 2014ರಿಂದ ಇದೆ. ಅಲ್ಲಿಗೆ ಮುಟ್ಟುವ ತನಕ ಖರ್ಚು ಮನೆಯದ್ದೇ.

ಮೊಣಕಾಲು, ತಿಂಗಳ ದಿನ, ಸ್ಕರ್ಟು

ಹಾರಿ ಇಳಿಯುವ, ಗಕ್ಕನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಒಂದು ಪಟ್ಟಿ ಹರಿಯುವ ಸಂಭವ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಎಸಿಎಲ್ ಅಂತ ಅದರ ಹೆಸರು. ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ ಸ್ಪೇನಿನ ಕರೊಲಿನಾ ಮರಿನ್ ಅವರಿಗೆ ಮೊಣಕಾಲಿನ ಗಾಯದಿಂದಲೇ ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಮುಂದಿದ್ದಾಗ ಮತ್ತೆ ಮೊಣಕಾಲು ಕೈಕೊಟ್ಟಿತು. ಹುಡುಗಿಯರು ದಿಢೀರ್ ಎತ್ತರ ಆಗುವ 12-14ರ ವಯಸ್ಸಿನಲ್ಲಿ ನೋವು ಅಂದರೆ ಆಟ ನಿಲ್ಲಿಸಿ ನೋಡಬೇಕು. ಎಣ್ಣೆ ತಿಕ್ಕಿ ಕಳಿಸುವುದಲ್ಲ.

ಟೂರ್ನಿಯ ಪಟ್ಟಿ ಯಾರ ಮುಟ್ಟಿನ ದಿನವನ್ನೂ ನೋಡಿ ಮಾಡುವುದಿಲ್ಲ. ಅಮ್ಮನೋ ಕೋಚೋ ಈ ಮಾತನ್ನು ಮುಜುಗರ ಇಲ್ಲದೆ ಆಡುವ ಜಾಗದಲ್ಲಿ ಹುಡುಗಿಯರು ನೋವು ಮುಚ್ಚಿಡುವುದಿಲ್ಲ. ಬಟ್ಟೆಯ ಬಗ್ಗೆ ಒಂದು ಮಾತು. 2011ರಲ್ಲಿ ಬಿಡಬ್ಲ್ಯುಎಫ್ ದೊಡ್ಡ ಟೂರ್ನಿಗಳಲ್ಲಿ ಹೆಂಗಸರು ಸ್ಕರ್ಟನ್ನೇ ಹಾಕಬೇಕು ಅಂತ ನಿಯಮ ತರಲು ಹೊರಟಿತ್ತು. ಎಲ್ಲ ಕಡೆ ಬೈಸಿಕೊಂಡು 2012ರಲ್ಲಿ ಕೈಬಿಟ್ಟಿತು. ಚಡ್ಡಿಯಾಗಲಿ, ಸ್ಕರ್ಟಾಗಲಿ, ಆಡುವವಳ ಇಷ್ಟ.

ಬೆಂಗಳೂರಿಗೆ ಕಳಿಸುವುದು ಅಂದರೆ

ಬೆಂಗಳೂರೇ ಯಾಕೆ? 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ 1994ರಲ್ಲಿ ಅಲ್ಲಿ ಅಕಾಡೆಮಿ ಕಟ್ಟಿದರು. ಅದೇ ವರ್ಷ ಮುಂಬೈ ಬಿಟ್ಟು ಅಲ್ಲಿಗೆ ಬಂದ ಅಪರ್ಣಾ ಪೋಪಟ್ ಆಮೇಲೆ ಸತತ 9 ಸಲ ರಾಷ್ಟ್ರೀಯ ಚಾಂಪಿಯನ್ ಆದರು. 2006ರಲ್ಲಿ ಮಣಿಕಟ್ಟಿನ ನೋವು ಅವರ ಆಟ ನಿಲ್ಲಿಸಿತು, ಇನ್ನೂ 30 ಆಗಿರಲಿಲ್ಲ. ಊರಲ್ಲಿ ಸಿಗದೆ ಅಲ್ಲಿ ಸಿಗುವುದು ಮುಖ್ಯವಾಗಿ ಒಂದೇ: ಎದುರಾಳಿಗಳು. ಶಿವಮೊಗ್ಗದಲ್ಲಿ ಅವಳನ್ನು ಸೋಲಿಸುವವರು ಇಬ್ಬರೋ ಮೂವರೋ ಇದ್ದರೆ, ಅಲ್ಲಿ ದಿನಾ ಇಪ್ಪತ್ತು ಜನ ಸಿಗುತ್ತಾರೆ.

ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್. ಹಾಸ್ಟೆಲ್ಲೋ, ಅಮ್ಮನೂ ಜೊತೆಗೆ ಹೋಗಿ ಮನೆ ಮಾಡುವುದೋ? ಎಸ್ಸೆಸ್ಸೆಲ್ಸಿ ರೆಗ್ಯುಲರ್ರೋ, ಮುಕ್ತ ಶಾಲೆಯೋ? 17ರೊಳಗಿನವರ ಟೂರ್ನಿಗಳು ಬರುವುದು ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷಗಳಲ್ಲೇ. ಎರಡೂ ಒಂದೇ ತಿಂಗಳಿಗೆ ಬಿದ್ದಾಗ ಯಾವುದನ್ನು ಬಿಡುವುದು ಅಂತ ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ಜಗಳ ಕಡಿಮೆ.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದರು, 'ಶಟಲ್ ಡಬ್ಬಿ ತಗೊಳ್ಳೋವಾಗ ಯಾವ ನಂಬರ್ ಅಂದ್ರಿ, 77 ನಾ, 76 ನಾ?' ಹಿಂದಿನಿಂದ ಮಗಳ ದನಿ ಕೇಳಿಸಿತು: 'ಬೆಂಗಳೂರಿಗೆ 76, ಅಪ್ಪ. ನಂಗೊತ್ತು.'